ಹಳೆಯ ಕಾರಿನ ಎರಡನೆಯ ಗೇರ್: ಹಾಕುವ ಕ್ರಮ, ಸವೆಯುವ ಕಾರಣ

ಮಾರುತಿ 800, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್‌ನಂಥ ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸ್ ಸವೆದಿರುವ ಮೊದಲ ಸುಳಿವು ಸಾಮಾನ್ಯವಾಗಿ ಎರಡನೆಯ ಗೇರ್‌ನಲ್ಲಿ ಸಿಗುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಒಂದರಿಂದ ಎರಡಕ್ಕೆ ಲಿವರ್ ಸರಾಗವಾಗಿ ಹೋಗುವುದಿಲ್ಲ. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರೆಂಬ ಶಬ್ದ ಬರುತ್ತದೆ. ಗಾಡಿಗೆ ವಯಸ್ಸಾಯಿತು ಎಂದು ಇದನ್ನು ಸಹಿಸಿಕೊಳ್ಳುವವರೇ ಹೆಚ್ಚು. ಆದರೆ ಆ ಶಬ್ದ ಬಂದಾಗಲೆಲ್ಲ ಒಳಗೆ ಹಲ್ಲುಗಳ ತುದಿ ಸವೆಯುತ್ತಿರುತ್ತದೆ. ಓಡಿಸುವ ಕ್ರಮವನ್ನು ಬದಲಿಸಿಕೊಂಡರೆ ಆ ಸವೆತವನ್ನು ಬಹುಮಟ್ಟಿಗೆ ತಡೆಯಬಹುದು.

ಇದಕ್ಕೆ ಒಳಗಿನ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಮುಂದಕ್ಕೆ ಓಡಿಸುವ ಗೇರ್‌ಗಳ ಚಕ್ರಗಳು ಬಹುಪಾಲು ಸದಾ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ; ನಾವು ಲಿವರ್‌ನಿಂದ ಸರಿಸುವುದು ಬಳೆಯಂಥ ಒಂದು ಸ್ಲೀವನ್ನು ಮಾತ್ರ. ಆ ಸ್ಲೀವ್‌ಗೂ ಗೇರ್‌ಗೂ ನಡುವೆ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತದೆ. ಅದರ ಒಳಮೈಯ ಸಣ್ಣ ಗೀರುಗಳು ಆಯಿಲ್‌ನ ಪದರವನ್ನು ಸೀಳಿ, ಗೇರ್‌ನ ಇಳಿಜಾರು ಮೈಯನ್ನು ಉಜ್ಜಿ ಹಿಡಿದು, ಎರಡರ ವೇಗವನ್ನು ಸಮ ಮಾಡುತ್ತವೆ. ವೇಗ ಸಮವಾಗುವ ತನಕ ರಿಂಗ್ ಸ್ಲೀವನ್ನು ತಡೆದು ನಿಲ್ಲಿಸುತ್ತದೆ. ಲಿವರನ್ನು ಬೆರಳುಗಳಿಂದ ಹಗುರವಾಗಿ ಒತ್ತಿ ಹಿಡಿದರೆ ಇದು ಕೈಗೇ ತಿಳಿಯುತ್ತದೆ: ಮೊದಲು ಮೆತ್ತಗೆ ತಡೆದಂತಾಗುತ್ತದೆ, ಕ್ಷಣ ಕಳೆದ ಮೇಲೆ ಲಿವರ್ ತಾನಾಗಿ ಒಳಕ್ಕೆ ಜಾರುತ್ತದೆ. ಅವಸರದಲ್ಲಿ ಅಂಗೈಯಿಂದ ತಳ್ಳಿದವರಿಗೆ ಈ ತಡೆ ಗೊತ್ತೇ ಆಗುವುದಿಲ್ಲ. ನಾಲ್ಕು ಗೇರ್‌ಗಳ ಕಾರಿನಲ್ಲಿ ಒಂದಕ್ಕೂ ಎರಡಕ್ಕೂ ನಡುವಿನ ವೇಗದ ಅಂತರ ದೊಡ್ಡದು, ಊರೊಳಗಿನ ಓಡಾಟದಲ್ಲಿ ಆ ಬದಲಾವಣೆಯೇ ಹೆಚ್ಚು. ಆದ್ದರಿಂದಲೇ ಎರಡರ ರಿಂಗ್ ಉಳಿದವುಗಳಿಗಿಂತ ಮೊದಲು ನುಣುಪಾಗುತ್ತದೆ.

ಗೇರ್‌ಬಾಕ್ಸನ್ನು ಶಂಕಿಸುವ ಮೊದಲು ಕ್ಲಚ್ಚನ್ನು ಪರೀಕ್ಷಿಸಬೇಕು. ಎಂಜಿನ್ ಐಡಲ್‌ನಲ್ಲಿರುವಾಗ, ನಿಂತ ಕಾರಿನಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತಿ, ಐದಾರು ಸೆಕೆಂಡ್ ಕಾದು, ರಿವರ್ಸ್ ಹಾಕಿ ನೋಡಿ. ರಿವರ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೊ ಇರುವುದಿಲ್ಲವಾದ್ದರಿಂದ, ಅಷ್ಟು ಕಾದ ಮೇಲೂ ಹಲ್ಲು ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದೇ ಅರ್ಥ. ಕೇಬಲ್ ಸಡಿಲವಾಗಿರಬಹುದು, ಹೈಡ್ರಾಲಿಕ್ ಕ್ಲಚ್ ಆದರೆ ಸಿಲಿಂಡರ್ ಸೋರುತ್ತಿರಬಹುದು, ಒಮ್ಮೊಮ್ಮೆ ದಪ್ಪನೆಯ ಮ್ಯಾಟ್ ಪೆಡಲಿನ ಕೆಳಗೆ ಸೇರಿಕೊಂಡಿರುತ್ತದೆ. ಇದನ್ನು ಸರಿಪಡಿಸದೆ ಹೊಸ ರಿಂಗ್ ಹಾಕಿಸಿದರೆ ಅದೂ ಬೇಗನೆ ಸವೆಯುತ್ತದೆ. ಪದ್ಮಿನಿಯ ಸ್ಟಿಯರಿಂಗ್ ಪಕ್ಕದ ಗೇರ್ ಲಿವರ್ ಆಗಿದ್ದರೆ, ಅದರ ಸಲಾಕೆಗಳ ಬುಷ್‌ಗಳನ್ನೂ ನೋಡಿಸಿ; ಅವು ಸವೆದರೆ ಗೇರ್ ಅರ್ಧಕ್ಕೇ ನಿಲ್ಲುತ್ತದೆ.

ಮೇಲಿನ ಗೇರ್‌ಗೆ ಹೋಗುವಾಗ ಕ್ಲಚ್ ಪೂರ್ತಿ ಒತ್ತಿ, ನ್ಯೂಟ್ರಲ್‌ನಲ್ಲಿ ಕ್ಷಣಮಾತ್ರ ತಡೆದು, ಎಂಜಿನ್ ವೇಗ ಇಳಿಯುತ್ತಿರುವಂತೆ ಲಿವರನ್ನು ಮುಂದಿನ ಗೇರ್‌ನ ಮೇಲೆ ಒತ್ತಿ ಹಿಡಿಯಿರಿ. ಗೇರ್ ಇಳಿಸುವುದಕ್ಕೆ ಹೆಚ್ಚು ಗಮನ ಬೇಕು. ಅದೇ ವೇಗದಲ್ಲಿ ಮೂರರಿಂದ ಎರಡಕ್ಕೆ ಬಂದರೆ ಎಂಜಿನ್ ಸುಮಾರು ಒಂದೂವರೆ ಪಟ್ಟು ವೇಗವಾಗಿ ತಿರುಗಬೇಕಾಗುತ್ತದೆ. ರಿಂಗ್ ಸವೆದಿದ್ದರೆ ಆ ಭಾರ ಅದಕ್ಕೆ ಹೊರಲಾಗದು. ಡಬಲ್ ಕ್ಲಚ್ ಇದಕ್ಕೆ ಉತ್ತಮ ಪರಿಹಾರ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಆಕ್ಸಿಲರೇಟರನ್ನು ಒಮ್ಮೆ ಹಿತವಾಗಿ ಒತ್ತಿ ಎಂಜಿನ್ ವೇಗ ಏರಿಸಿ, ಕೂಡಲೇ ಮತ್ತೆ ಕ್ಲಚ್ ಒತ್ತಿ ಎರಡನೆಯ ಗೇರ್ ಹಾಕಿ. ನಡುವೆ ಕ್ಲಚ್ ಬಿಡದೆ ಆಕ್ಸಿಲರೇಟರ್ ಒತ್ತಿದರೆ ಗೇರ್‌ಬಾಕ್ಸ್‌ನ ಒಳಗಿನ ಶಾಫ್ಟ್‌ಗೆ ವೇಗ ತಲುಪುವುದೇ ಇಲ್ಲ. ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿದರೆ ಇದು ಬೇಗ ಕೈಗೂಡುತ್ತದೆ, ಲಿವರ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಹಳೆಯ ಅಂಬಾಸಿಡರ್ ಮತ್ತು ಪದ್ಮಿನಿಗಳ ಮೊದಲ ಗೇರ್‌ಗೆ ಸಿಂಕ್ರೊ ಇಲ್ಲದಿರುವುದರಿಂದ, ಅಲ್ಲಿ ಗಾಡಿ ಪೂರ್ತಿ ನಿಂತ ಮೇಲೆಯೇ ಒಂದನ್ನು ಹಾಕುವುದು ಕ್ಷೇಮ.

ಘಾಟಿಯಲ್ಲಿ ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಇಳಿಯುವಾಗ ಹೇರ್‌ಪಿನ್ ತಿರುವಿನ ಒಳಗೆ ಬಂದ ಮೇಲೆ ಗೇರ್ ಇಳಿಸಲು ಹೋಗಬಾರದು. ತಿರುವಿಗೆ ಮುಂಚೆ, ರಸ್ತೆ ನೆಟ್ಟಗಿರುವಲ್ಲಿ ಬ್ರೇಕ್‌ನಿಂದ ವೇಗ ತಗ್ಗಿಸಿ, ಆಮೇಲೆ ಎರಡಕ್ಕೆ ಬಂದು ಕ್ಲಚ್ ಬಿಟ್ಟೇ ತಿರುಗಬೇಕು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದು ಪ್ರಾಣಾಪಾಯಕ್ಕೆ ದಾರಿ: ಬ್ರೇಕ್ ಕಾದು ಹಿಡಿತ ತಪ್ಪಿದಾಗ, ಆ ವೇಗದಲ್ಲಿ ಸವೆದ ಗೇರ್‌ಬಾಕ್ಸ್‌ಗೆ ಮತ್ತೆ ಗೇರ್ ಬೀಳುವುದೇ ಇಲ್ಲ.

ಓಡಿಸುವಾಗ ಲಿವರ್‌ನ ಮೇಲೆ ಕೈ ಇಟ್ಟುಕೊಳ್ಳುವುದನ್ನೂ ಬಿಡಬೇಕು. ಆ ಭಾರ, ಸ್ಲೀವನ್ನು ಸರಿಸುವ ಒಳಗಿನ ಕವಲನ್ನು, ಅಂದರೆ ಫೋರ್ಕನ್ನು, ತಿರುಗುವ ಸ್ಲೀವ್‌ಗೆ ಒತ್ತಿ ಸವೆಸುತ್ತದೆ.

ಆಯಿಲ್ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಕಾರಿನ ಕೈಪಿಡಿಯೇ ಪ್ರಮಾಣ. ಗೇರ್ ಆಯಿಲ್‌ನ ದರ್ಜೆ ಜಿಎಲ್-4 ಎಂದು ಸೂಚಿಸಿರುವಲ್ಲಿ, ಅಂಕೆ ದೊಡ್ಡದೆಂದು ಜಿಎಲ್-5 ತುಂಬಿಸಬೇಡಿ. ಅದರಲ್ಲಿ ಹೆಚ್ಚಾಗಿರುವ ಗಂಧಕ-ರಂಜಕದ ಅಂಶಗಳು ಹಿತ್ತಾಳೆಯನ್ನು ತಿನ್ನಬಹುದು, ರಿಂಗ್‌ಗೆ ಬೇಕಾದ ಹಿಡಿತವನ್ನೂ ತಗ್ಗಿಸಬಹುದು. ಆಯಿಲ್ ಬದಲಿಸುವಾಗ ಗ್ಯಾರೇಜಿನಲ್ಲಿ ಎದುರಿಗೇ ನಿಂತು, ಹಳೆಯ ಆಯಿಲ್ ಸ್ವಲ್ಪವನ್ನು ಬಿಳಿಯ ಕಾಗದದ ಮೇಲೆ ಹರಡಿ ಬಿಸಿಲಿಗೆ ಹಿಡಿದು ನೋಡಿ. ಡ್ರೇನ್ ಪ್ಲಗ್‌ಗೆ ಅಂಟಿದ ಕಪ್ಪು ಬೂದು ಬಣ್ಣದ ನುಣ್ಣನೆಯ ಪುಡಿ ಸಹಜವಾದದ್ದು. ಬಂಗಾರದಂತೆ ಮಿನುಗುವ ಕಣಗಳು ತುಂಬ ಕಂಡರೆ ಅದು ರಿಂಗ್‌ನ ಹಿತ್ತಾಳೆ; ಉಗುರಿಗೆ ಸಿಗುವಷ್ಟು ದೊಡ್ಡ ಉಕ್ಕಿನ ಚೂರು ಸಿಕ್ಕರೆ ಗೇರ್‌ನ ಹಲ್ಲೇ ಮುರಿದಿರಬಹುದು, ಅಂಥ ಗಾಡಿಯನ್ನು ಮುಂದೆ ಓಡಿಸಬಾರದು. ಹಾಕಿದ ಗೇರ್ ತಾನಾಗಿ ಹೊರಗೆ ಬೀಳುತ್ತಿದ್ದರೆ ಮೊದಲು ಎಂಜಿನ್ನನ್ನು ಹಿಡಿದಿಡುವ ಮೌಂಟಿಂಗ್‌ಗಳನ್ನು ನೋಡಿಸಿ. ಅವು ಸರಿಯಿದ್ದರೆ ಗೇರ್‌ಬಾಕ್ಸ್ ಬಿಚ್ಚಿಸಲೇಬೇಕು. ಬಿಚ್ಚಿಸಿದಾಗ ರಿಂಗ್ ಒಂದನ್ನೇ ಬದಲಿಸದೆ, ಸ್ಲೀವ್ ಮತ್ತು ಗೇರ್‌ನ ಹಲ್ಲುಗಳ ತುದಿ ದುಂಡಾಗಿವೆಯೇ ಎಂದು ಮೆಕ್ಯಾನಿಕ್ ಜೊತೆ ನಿಂತು ಪರಿಶೀಲಿಸಿ.