ಪದ್ಮಿನಿ ಕಾರಿನ ತಳಕ್ಕೆ ಕಪ್ಪು ಕೋಟಿಂಗ್ ಹೊಡೆಸಲಿಲ್ಲ: ಮೂರು ಮಳೆಗಾಲದ ನನ್ನ ಅನುಭವ

2025ರ ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಪದ್ಮಿನಿಯನ್ನು ಜ್ಯಾಕ್ ಮೇಲೆ ಎತ್ತಿ ಎಡಗಡೆ ಬಾಗಿಲ ಕೆಳಗಿನ ಟೊಳ್ಳು ರನ್ನಿಂಗ್ ಬೋರ್ಡ್‌ನ ರಬ್ಬರ್ ಬಿರಡೆ ತೆಗೆದೆ. ಬಿಳಿ ಬಟ್ಟೆಯ ಚೂರನ್ನು ತಂತಿಗೆ ಸುತ್ತಿ ಒಳಗೆ ತೂರಿಸಿ ಎಳೆದೆ. ತುಕ್ಕು ತಡೆಯಲು ನಾನು ಹೊಡೆದಿದ್ದ ಹಳದಿ ಮೇಣ ಬಟ್ಟೆಗೆ ಮೆತ್ತಿಕೊಂಡು ಬಂತು. ತುಕ್ಕಿನ ಕೆಂಪು ಒಂದು ಚುಕ್ಕೆಯೂ ಇಲ್ಲ. ಸಮುದ್ರದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ನಿಲ್ಲುವ ಕಾರು ಇದು. ಮೂರು ಮಳೆಗಾಲ ದಾಟಿದೆ. ಹಾಗಾಗಿ ಈಗ ಬರೆಯುವ ಧೈರ್ಯ ಬಂತು.

ಕಾರು 1992ರ ಪ್ರೀಮಿಯರ್ ಪದ್ಮಿನಿ. ಪೆಟ್ರೋಲ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಲಿವರ್. ಮಾವನದ್ದು. ಉಡುಪಿಯಲ್ಲೇ ಓಡಿದ್ದರೂ ನಂಬರ್ ಮಂಗಳೂರಿನ ಕೆಎ 19. ಮಾವ ತೀರಿಕೊಂಡ ಮೇಲೆ ಕಟಪಾಡಿಯ ಮನೆಯ ಹಟ್ಟಿಯಲ್ಲಿ ನಾಲ್ಕು ವರ್ಷ ನಿಂತಿತ್ತು. ಅಡಿಯಲ್ಲಿ ಮಣ್ಣಿನ ನೆಲ. ಮಣ್ಣಿನ ನೆಲದ ಮೇಲೆ ಕಾರು ನಿಲ್ಲಿಸಿದರೆ ಮೇಲೆ ಮಾಡು ಇದ್ದರೂ ಕೆಳಗಿನಿಂದ ತೇವ ಏರುತ್ತಲೇ ಇರುತ್ತದೆ. ಇದು ನನಗೆ ತಡವಾಗಿ ಗೊತ್ತಾಯಿತು.

2020ರ ಅಕ್ಟೋಬರ್‌ನಲ್ಲಿ ಹೊರಗೆ ಎಳೆದೆವು. ನೋಡಿದ ಮೂವರದ್ದೂ ಒಂದೇ ಮಾತು. ನಮಗೆ ಇಪ್ಪತ್ತು ವರ್ಷದಿಂದ ಪರಿಚಯದ ಟಿಂಕರ್ (ಕಾರಿನ ತಗಡು ಕೆಲಸದವರು) ಒಬ್ಬರು ಕೆಳಗೆ ಮಲಗಿ ಸ್ಕ್ರೂಡ್ರೈವರ್‌ನಲ್ಲಿ ನಾಲ್ಕು ಕಡೆ ಕುಟ್ಟಿದರು. ಎದ್ದು ಕೈ ಕೊಡವಿಕೊಂಡು, "ಅಡಿ ಪೂರಾ ಹೋಗಿದೆ ಮಾರಾಯ್ರೆ. ಗುಜರಿಗೆ ಹಾಕಿ, ಹನ್ನೆರಡೋ ಹದಿನೈದೋ ಸಾವಿರ ಸಿಗ್ತದೆ" ಅಂದರು. ರಿಪೇರಿಗೆ ಒಂದು ಗ್ಯಾರೇಜಿನವರು ಎರಡು ಮುಕ್ಕಾಲು ಲಕ್ಷ ಹೇಳಿದರು. ತುಕ್ಕು ತಿರುಗಿ ಬರುವುದಿಲ್ಲ ಎಂಬ ಗ್ಯಾರಂಟಿ ಕೊಡುತ್ತೀರಾ ಎಂದು ಕೇಳಿದೆ. ಕೊಡಲಿಲ್ಲ.

ಇಂಜಿನ್ ವಿಷಯ ಬೇಗ ಮುಗಿಸುತ್ತೇನೆ. ಆ 1089 ಸಿಸಿ ಇಂಜಿನ್ ಗಟ್ಟಿ ಪಿಂಡ. ಪ್ಲಗ್ ತೆಗೆದು ಡೀಸೆಲ್ ಮತ್ತು ಆಯಿಲ್ ಮಿಶ್ರಣ ಸುರಿದು ಒಂದು ವಾರ ಬಿಟ್ಟೆ, ಕೈಯಲ್ಲಿ ತಿರುಗಿಸಿದರೆ ತಿರುಗಿತು. ಕಾರ್ಬ್ಯುರೇಟರ್, ಪಾಯಿಂಟ್, ಹೆಡ್ ಗ್ಯಾಸ್ಕೆಟ್, ನಾಲ್ಕೂ ಚಕ್ರದ ಬ್ರೇಕ್ ಸಿಲಿಂಡರ್, ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು. ಪಾರ್ಟ್ಸ್ ಎಲ್ಲ ಮುಂಬೈಯ ಕುರ್ಲಾದಿಂದ ಬಂತು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಓಟ 2023ರ ಅಕ್ಟೋಬರ್‌ಗೆ ನಿಂತಿತು. ನಮ್ಮ ಕೆಲಸ ಅದಕ್ಕಿಂತ ಮೊದಲು ನಡೆದದ್ದು ಒಳ್ಳೆಯದೇ ಆಯಿತು. ಭಾವ ಊರಿಗೆ ಬರುವಾಗಲೆಲ್ಲ ಮತ್ಸ್ಯಗಂಧ ರೈಲಿನಲ್ಲಿ ಒಂದು ಗೋಣಿಚೀಲ ಹಾಕಿಕೊಂಡು ಬರುತ್ತಿದ್ದರು. ಬೆಳಗಿನ ಜಾವ ಉಡುಪಿಯ ಇಂದ್ರಾಳಿ ಸ್ಟೇಷನ್‌ನಲ್ಲಿ ಆ ಚೀಲ ಇಳಿಸಿಕೊಳ್ಳುವ ಖುಷಿಯೇ ಬೇರೆ.

ಒಂದೇ ಮಾತು ಸೇರಿಸುತ್ತೇನೆ. ಈಗಿನ ಪೆಟ್ರೋಲ್‌ನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದಕ್ಕೆ ತಾಳುವುದಿಲ್ಲ. ಮೇಲಾಗಿ ಎಥನಾಲ್ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಈಗ ಅಡಿಯ ಕಥೆ. ಮಾವ ಬದುಕಿದ್ದಾಗ ಯಾವುದೋ ವರ್ಕ್‌ಶಾಪಿನಲ್ಲಿ ತುಕ್ಕು ಹಿಡಿಯದಿರಲೆಂದು ಅಡಿಗೆ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸಿದ್ದರು. ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. 2021ರ ಫೆಬ್ರವರಿಯಲ್ಲಿ ಸ್ಕ್ರೇಪರ್ ಹಿಡಿದು ಕೂತೆ. ಮೊದಲ ಏಟಿಗೇ ಕೋಟಿಂಗ್ ಸುಟ್ಟ ಹಪ್ಪಳದ ಹಾಗೆ ಚಕ್ಕೆ ಚಕ್ಕೆಯಾಗಿ ಎದ್ದಿತು. ರನ್ನಿಂಗ್ ಬೋರ್ಡ್‌ನ ತಳದಲ್ಲಿ ನೀರು ಇಳಿದುಹೋಗಲು ಇರುವ ತೂತುಗಳು ಕಾಣಲೇ ಇಲ್ಲ. ಕೋಟಿಂಗ್ ಅವನ್ನು ಮುಚ್ಚಿಬಿಟ್ಟಿತ್ತು. ಮೊಳೆಯಿಂದ ಒಂದನ್ನು ಚುಚ್ಚಿದೆ. ನೀರು ಇಳಿಯಿತು. ಕಂದು ಬಣ್ಣದ ನೀರು, ಒಂದು ಲೋಟದಷ್ಟು. ಮಳೆ ನಿಂತು ನಾಲ್ಕು ತಿಂಗಳಾಗಿತ್ತು! ಆವತ್ತೇ ತೀರ್ಮಾನ ಮಾಡಿದೆ, ಈ ಕಾರಿಗೆ ಇನ್ನು ಕಪ್ಪು ಕೋಟಿಂಗ್ ಇಲ್ಲ.

ಹೊಸ ತಗಡಿಗೆ ಫ್ಯಾಕ್ಟರಿಯಲ್ಲಿ ಹೊಡೆದರೆ ಅದು ಸರಿಯೇ. ಹಳೆಯ ತುಕ್ಕಿನ ಮೇಲೆ ಹೊಡೆದರೆ ಅದು ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಒಂದು ಜಲ್ಲಿಕಲ್ಲು ತಾಗಿ ಸೀಳಿದರೆ ಸಾಕು, ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ನಮ್ಮಲ್ಲಿ ಅದು ಬರೀ ಮಳೆನೀರೂ ಅಲ್ಲ. ಹೆದ್ದಾರಿಯಲ್ಲಿ ಮೀನಿನ ಲಾರಿಯ ಹಿಂದೆ ಹೋದವರಿಗೆ ಗೊತ್ತು, ಸೋರುವ ಉಪ್ಪುನೀರು ಎಲ್ಲಿಗೆ ಹಾರುತ್ತದೆ ಎಂದು. ಅಡಿಗೆ ಬೇಕಾದದ್ದು ಒಣಗಿ ಗಟ್ಟಿಯಾಗುವ ಚಿಪ್ಪಲ್ಲ, ಸೀಳಿದರೂ ತಾನೇ ಹರಿದು ಮುಚ್ಚಿಕೊಳ್ಳುವ ಮೆತ್ತನೆಯ ವಸ್ತು. ಇದನ್ನು ಹೇಳಿದಾಗ ಟಿಂಕರ್ ತಲೆ ಅಲ್ಲಾಡಿಸಿದರು. "ಮೇಣ ಎಲ್ಲ ಒಂದು ಮಳೆಗೆ ತೊಳೆದು ಹೋಗ್ತದೆ" ಅಂದರು.

ಮೇಣದ ಹಂತಕ್ಕೆ ಬರುವಾಗ ಎರಡು ವರ್ಷ ಹೋಯಿತು. ದೊಡ್ಡ ನಷ್ಟ ಆದದ್ದು 2021ರ ಮಾರ್ಚ್‌ನಲ್ಲಿ. ಅವಸರದಲ್ಲಿ ಎರಡೂ ಕಡೆಯ ರನ್ನಿಂಗ್ ಬೋರ್ಡ್ ಒಟ್ಟಿಗೇ ಕತ್ತರಿಸಿದೆ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ, ಇದು ನನಗೆ ಗೊತ್ತಿದ್ದ ವಿಷಯವೇ. ಆದರೂ ಕತ್ತರಿಸಿದೆ. ಮರುದಿನ ಬೆಳಿಗ್ಗೆ ಡ್ರೈವರ್ ಬಾಗಿಲು ಹಾಕಲು ಹೋದರೆ ಲಾಕ್ ಅರ್ಧ ಇಂಚು ಕೆಳಗೆ ನಿಂತಿತು. ಬಾಡಿ ನಡುವಿನಲ್ಲಿ ಕುಸಿದಿತ್ತು. ಜ್ಯಾಕ್ ಕೊಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪ ಎತ್ತಿ, ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಒಂದಿಂಚಿನ ಚೌಕ ಪೈಪ್ ಬೆಸೆದು, ಅಳತೆ ಸರಿ ಮಾಡಲು ಆರು ವಾರ ಬೇಕಾಯಿತು. ಅಷ್ಟರಲ್ಲಿ ಲಾಕ್‌ಡೌನ್. ಪೈಪ್ ಮೊದಲು ಬೆಸೆಯಿರಿ, ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಮುಟ್ಟಿ.

ವೆಲ್ಡಿಂಗ್‌ನಲ್ಲೂ ಕಲಿತೆ. ಮೊದಲು ಕಡ್ಡಿ ವೆಲ್ಡಿಂಗ್ ಪ್ರಯತ್ನಿಸಿದೆ. 20 ಗೇಜ್‌ನ ತೆಳು ತಗಡು ಸುಟ್ಟು ತೂತಾಯಿತು. ಮಂಗಳೂರಿನ ಬೈಕಂಪಾಡಿಯ ಕಡೆಯಿಂದ, ತೆಳು ತಗಡು ಬೆಸೆಯಲು ಆಗುವ ಹಳೆಯ ಸಿಒಟು ವೆಲ್ಡಿಂಗ್ ಮೆಷಿನ್ ಹದಿನೆಂಟು ಸಾವಿರಕ್ಕೆ ತಂದೆ. ಫ್ಲೋರಿಗೆ 20 ಗೇಜ್, ರನ್ನಿಂಗ್ ಬೋರ್ಡ್‌ಗೆ ಅದಕ್ಕಿಂತ ದಪ್ಪದ 18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟ್. 2022ರ ಬೇಸಿಗೆಯೊಳಗೆ ಫ್ಲೋರ್ ಮುಗಿಯಿತು ಎಂದು ಹಬ್ಬ ಮಾಡಿದೆವು. ಆ ಮಳೆಗಾಲ ಕಳೆದ ಮೇಲೆ ನೋಡಿದರೆ ಒಂದರ ಮೇಲೆ ಒಂದು ತಗಡು ಕೂತ ಜಾಗದಲ್ಲೆಲ್ಲ ಕೆಂಪು ಗೆರೆ. ಎರಡು ತಗಡಿನ ನಡುವೆ ನಾನು ಏನೂ ಹಚ್ಚಿರಲಿಲ್ಲ. ಕತ್ತರಿಸಿ ಮತ್ತೆ ಮಾಡಿದೆ. ಹದಿನಾಲ್ಕು ಸಾವಿರದಷ್ಟು ನೀರಿಗೆ ಹೋಯಿತು. ಈ ಸಲ ಬೆಸೆಯುವ ಮೊದಲೇ ಎರಡೂ ಮುಖಕ್ಕೆ ಜಿಂಕ್ ಪ್ರೈಮರ್. ಬೆಸೆದ ಮೇಲೆ ಮಲ್ಪೆ ಬಂದರಿನಲ್ಲಿ ಬೋಟಿಗೆ ಹಚ್ಚುವ ಎಪಾಕ್ಸಿ ಪೇಂಟ್ ಎರಡು ಕೋಟ್. ಬರೀ ರೆಡ್ ಆಕ್ಸೈಡ್ ನಮ್ಮ ಗಾಳಿಗೆ ಸಾಲದು. ಬೋಟಿನವರಿಗೆ ಉಪ್ಪುನೀರಿನ ವಿಷಯ ಕಾರಿನವರಿಗಿಂತ ಜಾಸ್ತಿ ಗೊತ್ತು, ಅವರನ್ನೇ ಕೇಳಿ.

ಬಣ್ಣದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. 2021ರ ಜುಲೈಯಲ್ಲಿ ಕೆಲಸವಿಲ್ಲದೆ ಕೂರಲಾಗದೆ ಬಾನೆಟ್‌ಗೆ ಬೇಗ ಒಣಗುವ ಎನ್‌ಸಿ ಪೇಂಟ್ ಹೊಡೆದೆ. ಹತ್ತು ನಿಮಿಷದಲ್ಲಿ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಥಿನ್ನರ್ ಆರುವಾಗ ಗಾಳಿಯ ತೇವ ಹಿಡಿದುಕೊಳ್ಳುತ್ತದೆ. ಪೂರಾ ಉಜ್ಜಿ ತೆಗೆದು ಡಿಸೆಂಬರ್‌ಗೆ ಕಾದೆ.

ನಡುವೆ ಬೇರೆ ಬೇರೆ ಪ್ರಯೋಗ ನಡೆಯುತ್ತಿತ್ತು. ಹಿಂಜು, ಪೆಡಲ್, ವೀಲ್ ಡಿಸ್ಕ್ ಎಲ್ಲ ವಾಷಿಂಗ್ ಸೋಡಾ ನೀರಿನ ಡ್ರಮ್ಮಿನಲ್ಲಿ ಬ್ಯಾಟರಿ ಚಾರ್ಜರ್ ಹಾಕಿ ಶುದ್ಧ ಮಾಡಿದೆ. ನೀರಿನಲ್ಲಿ ಕರೆಂಟ್ ಹರಿದರೆ ತುಕ್ಕು ಬಿಟ್ಟುಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಅದರಲ್ಲಿ ಇಳಿಸಬೇಡಿ, ನೀರು ವಿಷವಾಗುತ್ತದೆ. ಬೋಲ್ಟು ನಟ್ಟಿಗೆ ಒಳ್ಳೆಯದು ಸಿಕ್ಕಿದ್ದು ಹಿತ್ತಲಲ್ಲಿ. ಅಮ್ಮ ಕತ್ತಿಯ ಕಲೆ ತೆಗೆಯಲು ಬಿಂಬುಳಿ ಎಂಬ ಹುಳಿ ಕಾಯಿ ಉಜ್ಜುತ್ತಿದ್ದದ್ದು ನೆನಪಾಯಿತು. ಮರದ ಅಡಿ ಸುಮ್ನೆ ಕೊಳೆಯುತ್ತಿದ್ದ ಬಿಂಬುಳಿ ಒಂದು ಬಕೆಟ್ ಜಜ್ಜಿ ರಸದಲ್ಲಿ ಬೋಲ್ಟ್ ಮುಳುಗಿಸಿಟ್ಟೆ. ಎರಡು ರಾತ್ರಿ. ತುಕ್ಕು ಬಿಟ್ಟು, ಮೇಲೆ ತೆಳು ಹಳದಿ ಪುಡಿ ಕೂತಿತ್ತು. ಅದರಲ್ಲಿ ಆಕ್ಸಾಲಿಕ್ ಆಸಿಡ್ ಇದೆಯಲ್ವಾ, ಅದರದ್ದೇ ಕೆಲಸ. ಬ್ರಷ್ ಹಾಕಿ, ಬಿಸಿ ಸೋಡಾ ನೀರಿನಲ್ಲಿ ತೊಳೆದು, ಬಿಸಿ ಇರುವಾಗಲೇ ಎಣ್ಣೆ ಹಚ್ಚಬೇಕು. ಅರ್ಧ ಗಂಟೆ ಬಿಟ್ಟರೆ ಮತ್ತೆ ಕೆಂಪು. ಪುನರ್ಪುಳಿಯಲ್ಲೂ (ಕೋಕಂ) ನೋಡಿದೆ, ನಿಧಾನ.

ಅಡಿಗೆ ಹಚ್ಚಲು ಮೊದಲು ಗೇರುಬೀಜದ ಸಿಪ್ಪೆಯ ಎಣ್ಣೆ ಪ್ರಯತ್ನಿಸಿದೆ. ತುಂಡು ತಗಡಿನ ಮೇಲೆ ಮಳೆಗಾಲ ಪೂರ್ತಿ ಅಂಟಂಟಾಗಿಯೇ ಉಳಿಯಿತು, ಧೂಳು ಹಿಡಿಯಿತು. ಗ್ಲೌಸ್ ಹರಿದು ಕೈಗೆ ಗುಳ್ಳೆ ಎದ್ದವು. ಆಮೇಲೆ ಹಿಂದಿನವರು ದೋಣಿಗೆ ಹಚ್ಚುತ್ತಿದ್ದ ಮೀನೆಣ್ಣೆ. ತುಕ್ಕಿನೊಳಗೆ ಇಳಿಯುವುದರಲ್ಲಿ ಅದರಷ್ಟು ಒಳ್ಳೆಯ ಎಣ್ಣೆ ನಾನು ನೋಡಿಲ್ಲ. ಆದರೆ ವಾಸನೆಗೆ ಮನೆಯವರು ಒಪ್ಪಲಿಲ್ಲ, ಊರಿನ ಬೆಕ್ಕುಗಳೆಲ್ಲ ಕಾರಿನ ಅಡಿಯಲ್ಲಿ ಬೀಡುಬಿಟ್ಟವು.

ಕೊನೆಗೆ ನಿಂತದ್ದು ಜೇನುಮೇಣ. ಕಾರ್ಕಳ ಕಡೆಯ ಜೇನು ಸಾಕುವವರಿಂದ ಕಿಲೋಗೆ ಆರುನೂರೋ ಏಳುನೂರೋ ಕೊಟ್ಟು ತಂದೆ. ಒಂದು ಕಿಲೋ ಮೇಣಕ್ಕೆ ಮೂರು ಲೀಟರ್ ಹತ್ತಿರ ಹೊಸ ಇಂಜಿನ್ ಆಯಿಲ್. ಸುಟ್ಟ ಆಯಿಲ್ ಬೇಡ, ಅದರಲ್ಲಿ ಆಸಿಡ್ ಇರುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಲೆಯಿಂದ ದೂರ ತಂದ ಮೇಲೆ ಟರ್ಪೆಂಟೈನ್ ಸೇರಿಸಬೇಕು. ಇದರ ಜೊತೆ ಇನ್ನೊಂದು ವಸ್ತು ಹಾಕುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ರನ್ನಿಂಗ್ ಬೋರ್ಡ್‌ನ ಒಳಗೆ ಹೊಡೆಯಲು ತಾಮ್ರದ ತೆಳು ಪೈಪಿನ ತುದಿ ಮುಚ್ಚಿ ಸುತ್ತ ತೂತು ಕೊರೆದು ನಳಿಕೆ ಮಾಡಿದ್ದೇನೆ. ತೂತು ಎಷ್ಟು, ಯಾವ ಓರೆಯಲ್ಲಿ ಎಂಬುದೂ ನನ್ನ ಹತ್ತಿರವೇ ಇರಲಿ. ಅದಕ್ಕೇ ಒಂಬತ್ತು ಪೈಪ್ ಹಾಳು ಮಾಡಿದ್ದೇನೆ.

ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಯಾವಾಗ ಹೊಡೆಯುತ್ತೀರಿ ಎಂಬುದು. ಎಲ್ಲರೂ ಮೇ ಕೊನೆಗೆ, ಮಳೆ ಬರುತ್ತದೆ ಎಂದು ಓಡುತ್ತಾರೆ. ಮೇಯಲ್ಲಿ ನಮ್ಮ ಗಾಳಿಯೇ ಒದ್ದೆ. ತಗಡಿನ ಮಡಿಕೆಯಲ್ಲಿ ಆ ತೇವ ಇದ್ದಾಗಲೇ ಹೊಡೆದರೆ ತೇವವನ್ನು ಒಳಗೆ ಕೂಡಿಹಾಕಿದ ಹಾಗೆ. ನಾನು ಹೊಡೆಯುವುದು ಜನವರಿಯಲ್ಲಿ, ಮೂಡಣ ಗಾಳಿ ಬೀಸುವಾಗ. ಮೂರು ದಿನ ಮೊದಲು ಬಾವಿಯ ಸಿಹಿನೀರಿನಲ್ಲಿ ಅಡಿ ತೊಳೆದು, ಬಿರಡೆ ಎಲ್ಲ ತೆಗೆದು ಬಿಸಿಲಿಗೆ ನಿಲ್ಲಿಸುತ್ತೇನೆ. ಹೊಡೆದ ಮೇಲೆ ನೀರು ಇಳಿಯುವ ತೂತು ಒಂದೊಂದನ್ನೂ ತಂತಿ ಹಾಕಿ ಬಿಡಿಸುತ್ತೇನೆ. ಸೈಲೆನ್ಸರ್, ಬ್ರೇಕ್ ಡ್ರಮ್, ರಬ್ಬರ್ ಬುಷ್ ಮುಚ್ಚಿಡಿ. ಏಪ್ರಿಲ್ ಸೆಕೆಗೆ ಸ್ವಲ್ಪ ತೊಟ್ಟಿಕ್ಕುತ್ತದೆ, ಅಡಿಯಲ್ಲಿ ಅಡಿಕೆ ಹಾಳೆ ಹಾಸಿದರಾಯಿತು.

ಚಕ್ರದ ಗೂಡಿನಲ್ಲಿ ಮೇಣ ನಿಲ್ಲುವುದಿಲ್ಲ, ಇದು ನಿಜ. ಟಯರ್ ಎಸೆಯುವ ನೀರಿಗೆ ತೊಳೆದು ಹೋಗುತ್ತದೆ. ಅಲ್ಲಿಗೆ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಬ್ರಷ್‌ನಲ್ಲಿ ಹಚ್ಚುತ್ತೇನೆ. ಉಳಿದ ಕಡೆ ವರ್ಷಕ್ಕೊಮ್ಮೆ ಸಾಕು. ಖರ್ಚು ಎರಡು ಸಾವಿರ ದಾಟುವುದಿಲ್ಲ.

2023ರ ಫೆಬ್ರವರಿಯಲ್ಲಿ ಕಾರು ರಸ್ತೆಗೆ ಇಳಿಯಿತು. ಒಟ್ಟು ಖರ್ಚು, ಹಾಳಾದದ್ದೂ ಸೇರಿ, ಒಂದು ಲಕ್ಷ ಅರವತ್ತೈದು ಸಾವಿರದ ಹತ್ತಿರ. ವೆಲ್ಡಿಂಗ್ ಮೆಷಿನ್ ಅದರಲ್ಲೇ ಬಂತು. ಆರ್‌ಸಿ ನವೀಕರಣದ ಫೀಸ್ ಬೇರೆ. 15 ವರ್ಷ ದಾಟಿದ ಕಾರಿಗೆ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿತ್ತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಹಳೆ ಕಾರಿಗೆ ಕೈ ಹಾಕುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಆ ಟಿಂಕರ್ ಕಳೆದ ವಾರ ಬಂದಿದ್ದರು. ಮತ್ತೆ ಅದೇ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಿ ಕುಟ್ಟಿದರು. ಈ ಸಲ ಟಣ್ ಟಣ್ ಎಂದಿತು. ಎದ್ದು, "ನನ್ನ ಓಮ್ನಿಗೂ ಹೊಡೆದು ಕೊಡ್ತೀರಾ?" ಅಂದರು. ಜನವರಿಗೆ ಬನ್ನಿ ಅಂದಿದ್ದೇನೆ. ಅಷ್ಟರಲ್ಲಿ ಹಿಂದಿನ ಲೀಫ್ ಸ್ಪ್ರಿಂಗ್‌ನ ಶ್ಯಾಕಲ್ ಬುಷ್ ಬದಲಿಸಬೇಕು. ಎರಡು ಜೊತೆ ತರಲು ಭಾವನಿಗೆ ಹೇಳಿ ಆಗಿದೆ.