ದಾವಣಗೆರೆಯಲ್ಲೇ ಕುಂತು ರಾಕ್ ಹಾಡುಗಳಿಗೆ ಬೇಸ್ ನುಡಿಸಿದ್ದು

"ಹೋಗ್ಲೆ, ಇಲ್ಲಿ ಕುಂತು ಬೆಂಗಳೂರಿನ ಬ್ಯಾಂಡಿಗೆ ಬೇಸ್ ಗಿಟಾರ್ ಬಾರಿಸ್ತೀಯೇನು? ಅದಕ್ಕಿಂತ ಬೆಣ್ಣೆದೋಸೆ ಅಂಗಡಿ ಹಾಕು" ಅಂದಿದ್ದರು ನಮ್ಮ ಆರ್ಕೆಸ್ಟ್ರಾ ಯಜಮಾನರು. ಬೇಸ್ ಅಂದರೆ ಹಾಡಿನ ತಳದ ದಪ್ಪ ಸ್ವರ ಕೊಡೋ ಗಿಟಾರ್. ಹೋದ ತಿಂಗಳು ಅವರೇ ಫೋನ್ ಮಾಡಿದರು. ಮಗ ಮನೆಯಲ್ಲಿ ಗಿಟಾರ್ ರೆಕಾರ್ಡ್ ಮಾಡ್ತಾನಂತೆ, ಗುಂಯ್ ಅನ್ನೋ ಸದ್ದು ಹೋಗ್ತಿಲ್ಲವಂತೆ, ಏನು ಮಾಡೋದು ಅಂತ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಎಲ್ಲ ಅಲ್ಲ, ಮುಕ್ಕಾಲು ಭಾಗ.

ಹುಚ್ಚು ಹಿಡಿದಿದ್ದು 2007ರ ಮಾರ್ಚ್‌ನಲ್ಲಿ. ಬೆಂಗಳೂರು ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಿತ್ತು, ರೈಲು ಹತ್ತಿ ಹೋಗಿದ್ದೆ. ಅಷ್ಟು ದೂರದಿಂದ ಅವರ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಬೆರಳು ಎಲ್ಲಿ ಕಾಣಬೇಕು? ಆ ಸದ್ದು ಎದೆಗೆ ಬಂದು ಗುದ್ದಿತಲ್ಲ, ಅಷ್ಟೇ ಸಾಕಾಯಿತು. ಆಮೇಲೆ ಬೆಂಗಳೂರಲ್ಲೇ ಎರಡು ವರ್ಷ ಇದ್ದೆ. ತಿಂಗಳಿಗೆ ಎರಡೋ ಮೂರೋ ಸ್ಟುಡಿಯೋ ರೆಕಾರ್ಡಿಂಗ್, ಪಿಜಿ ಬಾಡಿಗೆಗೂ ಸಾಲುತ್ತಿರಲಿಲ್ಲ. ವಾಪಸ್ ಬಂದು ಗಣಪತಿ ಸೀಸನ್ನಲ್ಲಿ ರಾತ್ರಿಗೆ ಆರುನೂರು ರೂಪಾಯಿಯಂತೆ ರಸಮಂಜರಿಗೆ ಬೇಸ್ ಹಿಡಿದೆ. ಅದನ್ನು ಕೀಳು ಅಂತ ಯಾರೂ ಅನ್ನಬೇಡಿ. ನಮ್ಮ ಸದ್ದು ನಮಗೇ ಕೇಳಿಸೋ ಮಾನಿಟರ್ ಸ್ಪೀಕರ್ ಇಲ್ಲದ ಸ್ಟೇಜಿನಲ್ಲಿ ಡ್ರಮ್ಮರ್ ಕಾಲು ನೋಡಿಕೊಂಡೇ ತಾಳ ಹಿಡಿಯೋದನ್ನು ಕಲಿತದ್ದು ಅಲ್ಲೇ.

2020ರ ಲಾಕ್‌ಡೌನ್‌ನಲ್ಲಿ ಸ್ಟುಡಿಯೋಗಳೆಲ್ಲ ಬಾಗಿಲು ಹಾಕಿದವು. ಎಲ್ಲರೂ ಮನೆಯಲ್ಲೇ ರೆಕಾರ್ಡ್ ಮಾಡೋಕೆ ಶುರು ಮಾಡಿದಾಗ ದಾವಣಗೆರೆಯಾದರೇನು, ಬೆಂಗಳೂರಿನ ಇಂದಿರಾನಗರವಾದರೇನು? ಅವರು ಹಾಡಿನ ಫೈಲ್ ಕಳಿಸೋದು, ನಾನು ಅದರ ಮೇಲೆ ಬೇಸ್ ನುಡಿಸಿ ವಾಪಸ್ ಕಳಿಸೋದು. ಜಾಝ್ ಬೇಸ್ ಅನ್ನೋ ಮಾಡೆಲ್ಲಿನ ಸೆಕೆಂಡ್ ಹ್ಯಾಂಡ್ ಕಾಪಿ ಹದಿನಾಲ್ಕು ಸಾವಿರ, ಬೇಸನ್ನು ಲ್ಯಾಪ್‌ಟಾಪಿಗೆ ಜೋಡಿಸೋ ಇಂಟರ್‌ಫೇಸ್ ಒಂಬತ್ತು, ಹೆಡ್‌ಫೋನ್ ನಾಲ್ಕು. ಲ್ಯಾಪ್‌ಟಾಪ್ ಚಿಕ್ಕಪ್ಪನ ಮಗನದ್ದು.

ಮೊದಲ ಕೆಲಸವೇ ವಾಪಸ್ ಬಂತು. "ಬ್ರೋ, ನಿಮ್ಮ ಟೈಮಿಂಗ್ ಸರಿ ಇಲ್ಲ" ಅಂದ ಹಾಡು ಕಳಿಸಿದ್ದ ಹುಡುಗ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಅವನು ಟ್ರ್ಯಾಕ್ ಕಳಿಸಿದ್ದು ಎಂಪಿ3ಯಲ್ಲಿ. ಎಂಪಿ3 ಮಾಡುವಾಗ ಶುರುವಿನಲ್ಲಿ ಒಂಚೂರು ಖಾಲಿ ಸೇರಿಕೊಳ್ಳುತ್ತೆ. ನಾನು ಅದರ ಮೇಲೆ ಸರಿಯಾಗೇ ನುಡಿಸಿದ್ದೆ, ಅವನ ಪ್ರಾಜೆಕ್ಟಿನಲ್ಲಿ ಇಟ್ಟಾಗ ಎಲ್ಲ ಸ್ವರವೂ 25 ಮಿಲಿಸೆಕೆಂಡೋ ಏನೋ ತಡ. ಅಂದರೆ ತಾಳ ತಪ್ಪಿದ್ದು ಫೈಲು, ನಾನಲ್ಲ. ಅವತ್ತಿಂದ ಹೀಗೆ ಖಾಲಿ ಸೇರದ ವೇವ್ (WAV) ಫೈಲ್ ಕೊಡದಿದ್ದರೆ ಬೇಸ್ ಕೈಗೇ ತಗೊಳ್ಳಲ್ಲ. ವಾಪಸ್ ಕಳಿಸೋದೂ ಹಾಡಿನ ಸೊನ್ನೆಯಿಂದಲೇ, ಬೇಸ್ ಬರೋದು ಎರಡನೇ ನಿಮಿಷಕ್ಕಾದರೂ ಸರಿ.

ನಿಜವಾಗಿ ಜೀವ ತಿಂದದ್ದು ಆ ಗುಂಯ್. ನಮ್ಮದು ಮಂಡಿಪೇಟೆ ಹಿಂದಿನ ಹಳೇ ಮನೆ. ಸಾಕೆಟ್ಟಿನಲ್ಲಿ ಮೂರನೇ ತೂತೇನೋ ಇದೆ, ಅದರ ಹಿಂದೆ ಅರ್ಥ್ ತಂತಿಯೇ ಇಲ್ಲ! ನಾನು ಜಾಣ ಅಂದುಕೊಂಡು 50 ಹರ್ಟ್ಜ್ ಹತ್ತಿರ ಫಿಲ್ಟರ್ ಹಾಕಿ ಕತ್ತರಿಸಿದೆ. ಸದ್ದು ಹೋಯಿತು. ಮೂರು ದಿನ ಬಿಟ್ಟು ಫೋನ್ ಬಂತು, "ಹಾಡಲ್ಲಿ ಜಿ ಸ್ವರ ಬಂದಾಗಲೆಲ್ಲ ಬೇಸ್ ಮಾಯ ಆಗ್ತಿದೆ." ಆಗದೆ ಇರುತ್ತಾ? ದಪ್ಪನೆಯ ಇ ತಂತಿಯ ಮೂರನೇ ಫ್ರೆಟ್, ಅಂದರೆ ಮೂರನೇ ಮನೆಯಲ್ಲಿ ಬರೋ ಆ ಜಿ 49 ಹರ್ಟ್ಜ್, ನಮ್ಮ ಕರೆಂಟು 50. ಗುಂಯ್ ಜತೆ ಸ್ವರದ ಬುಡವನ್ನೂ ಕತ್ತರಿಸಿದ್ದೆ. ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು, ಪೈಪು ಹಾಕಿಸಿ ಅರ್ಥಿಂಗ್ ಕೊಡಿಸಿದೆ. ಮೂರೂವರೆ ಸಾವಿರ ಆಗಿರಬೇಕು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕ್ತಾ ಇರಬೇಕು, ಒಣಗಿದರೆ ಗುಂಯ್ ವಾಪಸ್. ಉಳಿದ ಚೂರುಪಾರು ಸದ್ದು ಟ್ಯೂಬ್‌ಲೈಟ್ ಚೋಕಿನದು, ಅದನ್ನು ಆರಿಸಿದೆ. ಬೇಸಿನಲ್ಲಿ ತಂತಿಯ ಸದ್ದು ಹಿಡಿಯೋ ಎರಡೂ ಪಿಕಪ್‌ಗಳ ವಾಲ್ಯೂಮ್ ಸಮ ಇಟ್ಟರೆ ಇನ್ನೂ ತಗ್ಗುತ್ತೆ.

ನಡುವೆ ಸುಮ್ನೆ ಒಂದಿಷ್ಟು ಪ್ರಯೋಗ. ಆಂಪ್ಲಿಫೈಯರ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡೋಣ ಅಂತ ಭಟ್ಟಿಯಿಂದ ಆರು ಚೀಲ ಮಂಡಕ್ಕಿ ತಂದು ಮೂಲೆಗೆ ಒಟ್ಟಿದೆ, ಬೇಸಿನ ಮೊಳಗು ಹೀರಿಕೊಳ್ಳಲಿ ಅಂತ. ಒಂದು ಚೂರೂ ಹೀರಲಿಲ್ಲ, ಇಲಿ ಬಂದವು. ಹತ್ತಿ ಗಾದಿ ಸುರುಳಿ ಸುತ್ತಿ ನಿಲ್ಲಿಸಿದ್ದು ಪರವಾಗಿಲ್ಲ. ತಂತಿ ಸೆಟ್ಟಿಗೆ ಎರಡು ಸಾವಿರದ ಮೇಲೆ ಕೊಡಬೇಕಲ್ಲ, ಹಾಗಾಗಿ ಹಳೇ ತಂತಿಯನ್ನು ಅಮ್ಮನ ಬೇಳೆ ಬೇಯಿಸೋ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿದೆ. ನೀರು ಟೀ ಬಣ್ಣಕ್ಕೆ ತಿರುಗಿತು, ತಂತಿ ಹೊಸದರಂತೆ ಮಿರಿಮಿರಿ ನುಡಿಯಿತು. ನಾಲ್ಕೇ ದಿನ, ಮತ್ತೆ ಸತ್ತಿತು. ಅಮ್ಮ ಆ ಪಾತ್ರೆಯನ್ನು ಮತ್ತೆ ಒಲೆ ಮೇಲೆ ಇಡಲಿಲ್ಲ. ಫ್ಲಾಟ್‌ವೌಂಡ್ ಅನ್ನೋ ನುಣುಪು ಮೈಯ ತಂತಿ ಹಾಕಿದ ಮೇಲೆ ಈ ಗೋಳೇ ಇಲ್ಲ. "ರಾಕ್‌ಗೆ ಫ್ಲಾಟಾ?" ಅಂತ ಮೂಗು ಮುರಿಯೋರಿಗೆ ಹ್ಯಾರಿಸ್ ಹಾಕೋದೂ ಅದನ್ನೇ ಅಂತೀನಿ.

ಪ್ರತಿ ಹಾಡಿಗೆ ಎರಡು ಟೇಕ್ ಕಳಿಸ್ತೀನಿ, ಒಂದು ಸಾದಾ, ಒಂದರಲ್ಲಿ ನನ್ನ ಕೈಚಳಕ. ಹತ್ತರಲ್ಲಿ ಎಂಟು ಮಂದಿ ಸಾದಾನೇ ಇಟ್ಟುಕೊಳ್ಳುತ್ತಾರೆ. ಬೇಜಾರಾಗುತ್ತೆ, ಆದರೆ ಅವರೇ ಮತ್ತೆ ಕರೆಯೋದು. ಮೊಳಗು ತಗ್ಗಲಿ ಅಂತ ತಂತಿ ಕೂರೋ ಬ್ರಿಡ್ಜ್ ಹತ್ತಿರ ಸ್ಪಂಜಿನ ತುಂಡು ಸಿಕ್ಕಿಸೋದು ಎಲ್ಲರೂ ಮಾಡ್ತಾರೆ. ಅದರ ಕೆಳಗೆ ನಾನು ಇನ್ನೊಂದು ಇಡ್ತೀನಿ. ಏನು ಅಂತ ಕೇಳಬೇಡಿ, ಹೊಟ್ಟೆಪಾಡು.

ಮೊದಲ ವರ್ಷ ಬಂದದ್ದು ಇಪ್ಪತ್ತೆರಡು ಸಾವಿರ ಇರಬಹುದು, ಹಾಕಿದ ದುಡ್ಡೂ ಹುಟ್ಟಲಿಲ್ಲ. ಒಬ್ಬ ನಾಲ್ಕು ಹಾಡು ಮಾಡಿಸಿಕೊಂಡು ನಂಬರ್ ಬ್ಲಾಕ್ ಮಾಡಿದ. ಈಗ ಅರ್ಧ ಮುಂಗಡ ಬರದೆ ಫೈಲ್ ತೆರೆಯೋದಿಲ್ಲ. ಹಾಡಿಗೆ ಮೂರೂವರೆ ಸಾವಿರ, ತಿಂಗಳಿಗೆ ಎಂಟು ಹತ್ತು ಹಾಡು. ಗಣಪತಿ ಸೀಸನ್ನಲ್ಲಿ ಯಜಮಾನರ ಸ್ಟೇಜನ್ನೂ ಬಿಟ್ಟಿಲ್ಲ, ರೇಟು ಮಾತ್ರ ಜಾಸ್ತಿ ಮಾಡಿದ್ದೇನೆ.

ಇಷ್ಟು ಬರೆಯೋ ಹೊತ್ತಿಗೆ ಕರೆಂಟ್ ಬಂತು. ಗುಂಡಿಗೆ ಒಂದು ಕೊಡ ನೀರು ಹಾಕಿ ಕೂರಬೇಕು. ರಾತ್ರಿಯೊಳಗೆ ಎರಡು ಹಾಡು ಹೋಗಬೇಕು, ಅದರಲ್ಲೊಂದು ಪೂರ್ತಿ ಜಿ ಮೇಲೇ ಕೂತಿದೆ.