ಕೋವಿಗೆ ಅಳತೆ ಕೊಟ್ಟ ಅನುಭವ

ಯಂತ್ರ ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಗಳನ್ನು ಶಾಟ್‌ಗನ್ನಿನಿಂದ ಹೊಡೆಯುವುದು ನನ್ನ ಆಟ. ಎಡದಿಂದ ಬಲಕ್ಕೆ ದೂರದಲ್ಲಿ ಹಾಯುವ ಬಿಲ್ಲೆ ನನಗೆ ಸಿಗುತ್ತಲೇ ಇರಲಿಲ್ಲ. ಬಲದಿಂದ ಎಡಕ್ಕೆ ಹೋಗುವುದಾದರೆ ಪುಡಿಪುಡಿ. ಪಕ್ಕದಲ್ಲಿ ನಿಂತು ನೋಡಿದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಏಟು ಹಿಂದೆ ಬೀಳ್ತಿದೆ, ಕೋವಿ ನಿಲ್ಲಿಸಬೇಡಿ, ಇನ್ನೂ ಮುಂದಕ್ಕೆ ಎಳೀರಿ." ಎಳೆದಾಗ ಕೆಲವು ಒಡೆದವು. ಆದರೆ ಅದೇ ಎಳೆತ ಎಡಕ್ಕೆ ಹೋಗುವ ಬಿಲ್ಲೆಗಳ ಲೆಕ್ಕ ಕೆಡಿಸಿತು. ಹೀಗೆ ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತಿದ್ದಾಗ ನಾನು ಕೋವಿಯನ್ನು ಹೊಡೆಯುವವರ ಮೈಗೆ ಹೊಂದಿಸಿಕೊಡುವ ಗನ್ ಫಿಟ್ಟರ್ ಒಬ್ಬರ ಬಳಿ ಹೋದೆ. ಕೋವಿಯನ್ನು ಚೀಲದಿಂದ ಹೊರಗೆ ತೆಗೆಯುವ ಮೊದಲೇ ಅವರು ಕೇಳಿದ್ದು, "ತಪ್ಪೋದು ಯಾವ ಕಡೆಗೆ ಹೋಗೋ ಬಿಲ್ಲೆ?" ಎಂದು. ನನ್ನ ಉತ್ತರ ಕೇಳಿ ತಲೆಯಾಡಿಸಿದರು, ತಮ್ಮ ಊಹೆಯನ್ನು ಮಾತ್ರ ಹೇಳಲಿಲ್ಲ.

ಸಣ್ಣ ಚರೆಗಳ ಗುಂಪನ್ನು ಹಾರಿಸುವ ಶಾಟ್‌ಗನ್ನಿಗೆ ಅಳತೆ ಇಷ್ಟು ಮುಖ್ಯವಾಗುವುದಕ್ಕೆ ಕಾರಣ ಸರಳ. ರೈಫಲ್ಲಿಗೆ ಹಿಂದೊಂದು ಮುಂದೊಂದು ಗುರಿ ಇರುತ್ತದೆ; ಎರಡನ್ನೂ ಸೇರಿಸಿ ನೋಡಿ ಹೊಡೆಯಬಹುದು. ಶಾಟ್‌ಗನ್ನಿಗೆ ನಳಿಗೆಯ ತುದಿಯಲ್ಲಿ ಒಂದು ಮಣಿ ಇದ್ದರೆ ಹೆಚ್ಚು. ಅದನ್ನೂ ನೋಡುವಂತಿಲ್ಲ, ಹಾರುವ ಬಿಲ್ಲೆಯನ್ನೇ ನೋಡಬೇಕು. ಹಾಗಾಗಿ ಹಿಂದಿನ ಗುರಿ ಎಂದರೆ ನಮ್ಮ ಕಣ್ಣೇ. ಆ ಕಣ್ಣು ನಳಿಗೆಯ ಸಾಲಿಗೆ ಎಲ್ಲಿ ಕೂರುತ್ತದೆ ಎಂಬುದನ್ನು ಕೆನ್ನೆ ನಿರ್ಧರಿಸುತ್ತದೆ, ಕೆನ್ನೆ ಎಲ್ಲಿ ಕೂರುತ್ತದೆ ಎಂಬುದನ್ನು ಸ್ಟಾಕ್. ಭುಜಕ್ಕೆ ಆನುವ ಆ ಮರದ ತುಂಡು ಒಂದು ಕೂದಲಷ್ಟು ಅತ್ತಿತ್ತ ಇದ್ದರೂ ಏಟು ಬೇರೆ ಕಡೆಗೆ ಹೋಗುತ್ತದೆ, ಹೊಡೆದವರಿಗೆ ಅದು ಗೊತ್ತೇ ಆಗುವುದಿಲ್ಲ.

ಎಷ್ಟು ಬೇರೆ ಕಡೆಗೆ ಎಂಬುದಕ್ಕೂ ಲೆಕ್ಕವಿದೆ. ಕಣ್ಣಿನಿಂದ ತುದಿಯ ಮಣಿಗೆ ಸುಮಾರು ಒಂದು ಗಜ. 16 ಗಜ ದೂರಕ್ಕೆ ಹೋಗುವಷ್ಟರಲ್ಲಿ ಕಣ್ಣಿನ ಸರಿತ ಹದಿನಾರು ಪಟ್ಟು ಆಗುತ್ತದೆ. ಅಂದರೆ ಸ್ಟಾಕಿನಲ್ಲಿ 1/16 ಇಂಚು ವ್ಯತ್ಯಾಸವಾದರೆ 16 ಗಜದಲ್ಲಿ ಒಂದು ಇಂಚು, 40 ಗಜದಲ್ಲಿ ಎರಡೂವರೆ ಇಂಚು. ಏಟು ಎಲ್ಲಿ ಬೀಳುತ್ತದೆಂದು ನೋಡುವ ಉಕ್ಕಿನ ತಟ್ಟೆಯನ್ನು ಫಿಟ್ಟರುಗಳು 16 ಗಜಕ್ಕೇ ನಿಲ್ಲಿಸುವುದು ಇದಕ್ಕಾಗಿ: ತಟ್ಟೆಯ ಮೇಲೆ ಕಂಡ ಇಂಚುಗಳನ್ನು ಹದಿನಾರರಿಂದ ಭಾಗಿಸಿದರೆ ಮರದಲ್ಲಿ ಮಾಡಬೇಕಾದ ಬದಲಾವಣೆ ಸಿಕ್ಕಿಬಿಡುತ್ತದೆ.

ನಾನು ಹೋದ ಕೂಡಲೇ ಟೇಪು ಹಿಡಿದು ಅಳೆಯುತ್ತಾರೆ ಅಂದುಕೊಂಡಿದ್ದೆ. ಅವರು ಟೇಪು ಮುಟ್ಟಲಿಲ್ಲ. ಕೋವಿ ಮಡಚಿ ಎರಡೂ ನಳಿಗೆ ಖಾಲಿ ಇರುವುದನ್ನು ನಾನೂ ನೋಡಿ ಅವರಿಗೂ ತೋರಿಸಿದ ಮೇಲೆ, ಗೋಡೆಯ ಮೇಲಿನ ಒಂದು ಗುರುತು ನೋಡುತ್ತಾ ಕೋವಿ ಏರಿಸಲು ಹೇಳಿದರು. ಮತ್ತೆ ಇಳಿಸಿ, ಮತ್ತೆ ಏರಿಸಿ. ಹತ್ತಾರು ಸಲ ಆಯಿತು. ಅವರು ನೋಡುತ್ತಿದ್ದುದು ನನ್ನ ಮೌಂಟ್, ಅಂದರೆ ಕೋವಿ ಸೊಂಟದ ಎತ್ತರದಿಂದ ಕೆನ್ನೆಗೂ ಭುಜಕ್ಕೂ ಬಂದು ಕೂರುವ ಕ್ರಮ, ಪ್ರತಿ ಸಲವೂ ಒಂದೇ ರೀತಿ ಇದೆಯೇ ಎಂದು. ಒಂದೊಂದು ಸಲ ಒಂದೊಂದು ಕಡೆ ಕೂರುವವರಿಗೆ ಅಳತೆ ಮಾಡಿ ಉಪಯೋಗವಿಲ್ಲ. ಅಂಥವರನ್ನು ಕನ್ನಡಿಯ ಮುಂದೆ ಖಾಲಿ ಕೋವಿಯ ಅಭ್ಯಾಸಕ್ಕೆ ವಾಪಸು ಕಳಿಸುತ್ತೇನೆ ಎಂದರು. ಹೊಸಬರು ಕೋವಿ ಕೊಂಡ ವಾರದಲ್ಲೇ ಸ್ಟಾಕ್ ಕತ್ತರಿಸಲು ಓಡುವುದನ್ನು ನೋಡಿದ್ದೇನೆ. ಅವರಿಗೆ ನಾನು ಈಗ ಹೇಳುವುದೂ ಇದನ್ನೇ: ಮೊದಲು ಮೌಂಟ್ ಗಟ್ಟಿಯಾಗಲಿ, ಮರ ಆಮೇಲೆ.

ಕಣ್ಣಿನ ಪರೀಕ್ಷೆ ಬೇಗ ಮುಗಿಯಿತು. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ವಸ್ತುವೊಂದನ್ನು ಆ ಕಿಂಡಿಯಲ್ಲಿ ಹಿಡಿದು, ವಸ್ತು ತಪ್ಪದಂತೆ ಕೈಯನ್ನು ಮುಖಕ್ಕೆ ತರಬೇಕು. ಕಿಂಡಿ ಬಂದು ನಿಲ್ಲುವುದು ಮೇಲುಗೈ ಇರುವ ಕಣ್ಣಿನ ಮುಂದೆ. ನನ್ನದು ಬಲಗಣ್ಣು, ಹೊಡೆಯುವುದೂ ಬಲಭುಜದಿಂದ. ಇವೆರಡು ಬೇರೆ ಬೇರೆಯಾಗಿದ್ದರೆ ಸ್ಟಾಕ್ ಬಗ್ಗಿಸಿ ಪರಿಹಾರ ಹುಡುಕಬಾರದು. ಭುಜ ಬದಲಿಸಬೇಕು, ಇಲ್ಲವೇ ಕನ್ನಡಕದ ಮೇಲೆ ಮೇಲುಗೈ ಇರುವ ಕಣ್ಣಿನ ನೋಟಕ್ಕೆ ಅಡ್ಡ ಬರುವಂತೆ ಸಣ್ಣ ಚುಕ್ಕೆಯಷ್ಟು ಟೇಪು ಅಂಟಿಸಬೇಕು. ಈ ಪರೀಕ್ಷೆ ಬಿಟ್ಟು ಅಳತೆಗೆ ಇಳಿಯುವ ಫಿಟ್ಟರ್ ಸಿಕ್ಕರೆ ಎದ್ದು ಬರುವುದು ಒಳ್ಳೆಯದು.

ಆಮೇಲೆ ಟ್ರೈ ಗನ್ ಬಂತು. ನೋಡಲು ಮಾಮೂಲಿ ಕೋವಿಯೇ, ಆದರೆ ಸ್ಟಾಕಿನ ತುಂಬ ಕೀಲು, ತಿರುಪು. ಉದ್ದ, ಎತ್ತರ, ಓರೆ, ಕೋನ ಎಲ್ಲವನ್ನೂ ಬೇಕಾದಂತೆ ಬದಲಿಸಬಹುದು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕೋವಿ ತಯಾರಕರು ಬಳಕೆಗೆ ತಂದ ಸಾಧನ ಇದು. ಇವತ್ತಿಗೂ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ.

ಮೊದಲು ಉದ್ದ. ಟ್ರಿಗರಿನಿಂದ ಸ್ಟಾಕಿನ ಹಿಂಬದಿಯ ನಡುವಿನವರೆಗಿನ ಅಂತರ. ಕಾರ್ಖಾನೆಯಿಂದ ಬರುವ ಕೋವಿಗಳಲ್ಲಿ ಇದು ಸಾಮಾನ್ಯವಾಗಿ ಹದಿನಾಲ್ಕು, ಹದಿನಾಲ್ಕೂವರೆ ಇಂಚಿನ ಆಸುಪಾಸು. ನನ್ನದು 14 3/8. ಮೊಣಕೈ ಮಡಚಿ ಸ್ಟಾಕನ್ನು ಆ ಮಡಿಕೆಗೆ ಇಟ್ಟು, ಬೆರಳು ಟ್ರಿಗರಿಗೆ ಮುಟ್ಟಿದರೆ ಅಳತೆ ಸರಿ ಎಂದು ಹೇಳುವವರಿದ್ದಾರೆ. ಆ ಅಳತೆಯಲ್ಲಿ ಕುತ್ತಿಗೆಯ ಉದ್ದ ಬರುವುದಿಲ್ಲ, ಎದೆಯ ಅಗಲ ಬರುವುದಿಲ್ಲ, ನಿಲ್ಲುವ ಭಂಗಿ ಬರುವುದಿಲ್ಲ. ಫಿಟ್ಟರ್ ನೋಡಿದ್ದು ಕೋವಿ ಏರಿಸಿದಾಗ ಹೆಬ್ಬೆರಳ ಬುಡಕ್ಕೂ ಮೂಗಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು. ಎರಡು ಬೆರಳಗಲವಾದರೂ ಇರಬೇಕು. ನನಗೆ ಅಷ್ಟು ಇರಲಿಲ್ಲ. ತೀರ ಉದ್ದವಾದರೆ ಇನ್ನೊಂದು ತೊಂದರೆ: ಏರಿಸುವಾಗ ಕಂಕುಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಭುಜದ ಗುಳಿ ಬಿಟ್ಟು ತೋಳಿನ ಮೇಲೆ ಕೂರುತ್ತದೆ. ಬಿಲ್ಲೆ ಹೊಡೆಯುವ ಆಟಗಳಲ್ಲಿ ಒಂದಾದ ಅಂತರರಾಷ್ಟ್ರೀಯ ಸ್ಕೀಟ್‌ನಲ್ಲಿ ಬಿಲ್ಲೆ ಕಾಣುವವರೆಗೆ ಕೋವಿಯನ್ನು ಸೊಂಟದ ಬಳಿಯೇ ಹಿಡಿದಿರಬೇಕಾದ್ದರಿಂದ ಆ ಆಟಗಾರರಿಗೆ ಇದು ಇನ್ನೂ ದೊಡ್ಡ ತೊಂದರೆ. ನನಗೆ ಒಪ್ಪಿದ್ದು 14 3/4.

ಉದ್ದವನ್ನೇ ಮೊದಲು ಯಾಕೆ ನೋಡುತ್ತಾರೆ ಎಂಬುದು ಅಲ್ಲಿಯೇ ಅರ್ಥವಾಯಿತು. ಕೆನ್ನೆ ಕೂರುವ ಮೇಲಂಚಿಗೆ ಕೋಂಬ್ ಎನ್ನುತ್ತಾರೆ. ಅದು ಹಿಂದಕ್ಕೆ ಹೋದಂತೆ ಇಳಿಜಾರು. ಸ್ಟಾಕ್ ಉದ್ದವಾದ ತಕ್ಷಣ ಕೆನ್ನೆ ಹಿಂದೆ ಸರಿದು ತಗ್ಗಿನ ಜಾಗಕ್ಕೆ ಬರುತ್ತದೆ, ಕಣ್ಣೂ ಕೆಳಗಿಳಿಯುತ್ತದೆ. ಎತ್ತರವನ್ನು ಮೊದಲು ಹೊಂದಿಸಿ ಆಮೇಲೆ ಉದ್ದ ಬದಲಿಸಿದರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಒಂದು ಅಳತೆ ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಅಂಕಿಗಳನ್ನು ಬಿಡಿಬಿಡಿಯಾಗಿ ಬರೆದುಕೊಂಡು ಮನೆಯಲ್ಲಿ ತಾವೇ ಮಾಡಿಕೊಳ್ಳುವವರು ಎಡವುವುದು ಇಲ್ಲೇ.

ಎತ್ತರ, ಓರೆ ನೋಡಲು ಅವರು ನನ್ನ ಎದುರಿಗೆ ನಿಂತು ನಳಿಗೆಯ ಸಾಲಿನಲ್ಲಿ ನನ್ನ ಕಣ್ಣನ್ನು ನೋಡಬೇಕಿತ್ತು. ಕೋವಿಯ ಎದುರು ಯಾರೂ ನಿಲ್ಲಬಾರದು ಎಂಬ ನಿಯಮಕ್ಕೆ ಇದೊಂದೇ ಅಪವಾದ. ಅವರು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ಕೋಣೆಯಿಂದ ತೋಟಾಗಳನ್ನೆಲ್ಲ ಹೊರಗೆ ಇಟ್ಟರು, ಪ್ರತಿ ಸಲ ಎದುರಿಗೆ ಬರುವ ಮೊದಲು ಕೋವಿ ಮಡಚಿ ಇಬ್ಬರೂ ಖಾಲಿ ನಳಿಗೆ ನೋಡಿದೆವು, ಬೆರಳು ಟ್ರಿಗರಿನ ಹೊರಗೇ ಇತ್ತು. ಇಷ್ಟು ಮಾಡದೆ ಎದುರಿಗೆ ಬಂದು ನಿಲ್ಲುವವರು ಎಷ್ಟೇ ಹೆಸರುವಾಸಿಯಾದರೂ ನಾನು ಕೋವಿ ಏರಿಸಲಾರೆ.

ಕಣ್ಣು ಮುಚ್ಚಿ ಏರಿಸಿ, ಕೂತ ಮೇಲೆ ಕಣ್ಣು ತೆರೆಯಿರಿ ಎಂದರು. ಕಣ್ಣು ತೆರೆದಿದ್ದರೆ ಕತ್ತು ತಾನಾಗಿಯೇ ಬಾಗಿ ಮಣಿಯನ್ನು ಹುಡುಕಿಕೊಳ್ಳುತ್ತದೆ. ಮುಚ್ಚಿದ್ದರೆ ಕೋವಿ ನಿಜವಾಗಿ ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದು ಬಯಲಾಗುತ್ತದೆ. ನನ್ನ ಕೋವಿಯಲ್ಲಿ ಕಣ್ಣು ತೆರೆದಾಗ ನನಗೆ ಕಂಡದ್ದು ನಳಿಗೆಯ ಬುಡದ ಉಕ್ಕು, ಅದರ ಮೇಲೆ ಅರೆಬರೆ ಮಣಿ. ಅವರಿಗೆ ಕಂಡದ್ದು ನಳಿಗೆಯ ಸಾಲಿನಿಂದ ಪಕ್ಕಕ್ಕೆ ಸರಿದ ಕಣ್ಣು.

ಆದರೂ ಇದೆಲ್ಲ ಪೀಠಿಕೆ. ತೀರ್ಪು ಕೊಡುವುದು ಉಕ್ಕಿನ ತಟ್ಟೆ. ಸುಣ್ಣ ಬಳಿದ ದೊಡ್ಡ ತಟ್ಟೆ, ನಡುವೆ ಒಂದು ಕಪ್ಪು ಗುರುತು. ಕನ್ನಡಕ, ಕಿವಿಗೆ ರಕ್ಷಣೆ, ತೋಟಾದಲ್ಲಿ ಸೀಸದ ಚರೆ ಮಾತ್ರ. ಉಕ್ಕಿನ ಚರೆ ತಟ್ಟೆಗೆ ಬಡಿದು ವಾಪಸು ಸಿಡಿಯುತ್ತದೆ. ನಳಿಗೆಗೆ ಬಿಗಿ ಚೋಕ್, ಅಂದರೆ ತುದಿಯನ್ನು ಕಿರಿದು ಮಾಡುವ ಕೊಳವೆ, ಹಾಕಿದರು, ಚರೆಗಳ ಗುಂಪು ಚಿಕ್ಕದಾಗಿ ಬಿದ್ದರೆ ಅದರ ನಡು ಗುರುತಿಸುವುದು ಸುಲಭ. ಕೊಟ್ಟ ಸೂಚನೆ ಒಂದೇ: ಗುರುತನ್ನು ನೋಡಿ, ಏರಿಸಿ, ಕೆನ್ನೆ ಮುಟ್ಟಿದ ಕ್ಷಣ ಹೊಡೆಯಿರಿ, ಗುರಿ ಇಡಬೇಡಿ. ಗುರಿ ಇಟ್ಟರೆ ಯಾರ ಏಟಾದರೂ ನಡುವಿಗೇ ಬೀಳುತ್ತದೆ, ಕೋವಿಯ ದೋಷ ಮುಚ್ಚಿಹೋಗುತ್ತದೆ.

ಕೆಲವು ಏಟು ಆದ ಮೇಲೆ ತಟ್ಟೆಯ ಹತ್ತಿರ ಹೋದೆವು. ಗುಂಪುಗಳ ನಡು ಎಲ್ಲವೂ ಗುರುತಿನಿಂದ ಸುಮಾರು ಮೂರು ಇಂಚು ಎಡಕ್ಕೆ. ಮೇಲೆ ಕೆಳಗೆ ನೋಡಿದರೆ ಮಾತ್ರ ಒಂದು ಕ್ರಮವಿಲ್ಲ, ಒಂದು ಮೇಲೆ, ಒಂದು ಸಮಕ್ಕೆ, ಇನ್ನೊಂದು ಮತ್ತೂ ಮೇಲೆ. ಅಲ್ಲಿ ಅವರು ಹೇಳಿದ ಮಾತು ನನಗೆ ಈ ಇಡೀ ಕೆಲಸದ ತಿರುಳಾಗಿ ಉಳಿದಿದೆ: "ಒಂದೇ ಕಡೆ ತಪ್ಪೋದು ಮರದ ತಪ್ಪು. ಚೆಲ್ಲಾಪಿಲ್ಲಿ ಆಗೋದು ಕೆನ್ನೆ ತಪ್ಪು."

ಎಡಕ್ಕೆ ಮೂರು ಇಂಚು ಅಂದರೆ ಸ್ಟಾಕಿನಲ್ಲಿ 3/16 ಇಂಚು. ಬಲಗೈಯವರ ಕೆನ್ನೆ ಸ್ಟಾಕಿನ ಎಡಬದಿಗೆ ಒತ್ತಿರುತ್ತದೆ. ಸ್ಟಾಕ್ ನೇರವಾಗಿದ್ದರೆ ಕಣ್ಣು ನಳಿಗೆಯ ಸಾಲಿನಿಂದ ಎಡಕ್ಕೆ ಉಳಿಯುತ್ತದೆ. ಸ್ಟಾಕನ್ನು ಬಲಕ್ಕೆ ಓರೆ ಮಾಡಿದರೆ, ಇದಕ್ಕೆ ಕಾಸ್ಟ್ ಎನ್ನುತ್ತಾರೆ, ಮುಖವೂ ಜೊತೆಗೆ ಬಲಕ್ಕೆ ಬಂದು ಕಣ್ಣು ಸಾಲಿಗೆ ಕೂರುತ್ತದೆ. 40 ಗಜದಲ್ಲಿ ನನ್ನ ಏಟು ಏಳೂವರೆ ಇಂಚು ಎಡಕ್ಕೆ ಹೋಗುತ್ತಿತ್ತು. ಬಲಕ್ಕೆ ಓಡುವ ಬಿಲ್ಲೆಗೆ ಅದು ಹಿಂದೆ ಬೀಳುವುದು. ಎಡಕ್ಕೆ ಓಡುವ ಬಿಲ್ಲೆಗೆ ಏಟು ಬೀಳಬೇಕಾದ ಮುಂದಿನ ಅಂತರವನ್ನು ಕೋವಿಯೇ ಪುಕ್ಕಟೆಯಾಗಿ ಕೊಟ್ಟಂತೆ. ಇಷ್ಟು ದಿನ ನಾನು ಕೋವಿ ಬೀಸುವ ರೀತಿಯಲ್ಲಿ ಹುಡುಕುತ್ತಿದ್ದ ಕಾರಣ ಮರದಲ್ಲಿ ಕೂತಿತ್ತು.

ಮೇಲೆ ಕೆಳಗಿನ ಅವ್ಯವಸ್ಥೆಗೆ ಕಾರಣ ಕೋಂಬ್ ತಗ್ಗಾಗಿದ್ದುದು. ಕೆನ್ನೆ ಒತ್ತಿದರೆ ಬಿಲ್ಲೆ ಕಾಣದು, ಕಾಣಬೇಕೆಂದರೆ ತಲೆ ಎತ್ತಬೇಕು. ಎತ್ತಿದ ತಲೆ ಎರಡು ಸಲ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ. ಸಿಡಿತಕ್ಕೆ ಸ್ಟಾಕ್ ಬಂದು ಕೆನ್ನೆಮೂಳೆಗೆ ಹೊಡೆಯುತ್ತಿದ್ದುದೂ ಇದರಿಂದಲೇ. ನನ್ನ ಕುತ್ತಿಗೆ ಉದ್ದ. ಸರಾಸರಿ ಮೈಕಟ್ಟಿಗೆ ಮಾಡಿದ ಕೋವಿ ನನಗೆ ಹಾಗಾಗುವುದು ಸಹಜ.

ಕೂಡಲೇ ಮರ ಬಗ್ಗಿಸಲಿಲ್ಲ. ಹಿಂಬದಿಯ ರಬ್ಬರ್ ಪ್ಯಾಡಿನ ಒಳಗೆ 3/8 ಇಂಚಿನ ತುಂಡು ಸೇರಿಸಿ ಉದ್ದ ಹೆಚ್ಚಿಸಿದರು. ಕೋಂಬಿನ ಮೇಲೆ ಬಟ್ಟೆಪಟ್ಟಿ ಪದರ ಪದರವಾಗಿ ಅಂಟಿಸಿ ಎತ್ತರ ಕೊಟ್ಟರು, ಒಂದೊಂದು ಪದರಕ್ಕೂ ತಟ್ಟೆಗೆ ಹೊಡೆದು ನೋಡುತ್ತಾ. ಹಾಗೆಯೇ ಕೆಲವು ವಾರ ಆಡಿ ಬನ್ನಿ ಎಂದು ಕಳಿಸಿದರು. ಪಟ್ಟಿ ಕಿತ್ತರೆ ಹೋಗುತ್ತದೆ, ಕೆತ್ತಿದ ಮರ ವಾಪಸು ಬರುವುದಿಲ್ಲ. ಈ ತಾಳ್ಮೆಗೆ ನಾನು ಅವರಿಗೆ ಋಣಿ.

ಎರಡನೇ ಸಲ ಹೋದಾಗ ಕಾಸ್ಟಿಗೆ ಸ್ಟಾಕ್ ಬಗ್ಗಿಸಿದರು. ಕೈ ಹಿಡಿಯುವ ತೆಳು ಭಾಗವನ್ನು ಶಾಖದ ದೀಪದಡಿ ನಿಧಾನವಾಗಿ ಕಾಯಿಸಿ, ಚೌಕಟ್ಟಿಗೆ ಬಿಗಿದು, ತಿರುಪಿನಿಂದ ಸ್ವಲ್ಪಸ್ವಲ್ಪವೇ ಒತ್ತಿ, ತಣ್ಣಗಾಗುವವರೆಗೆ ಹಾಗೆಯೇ ಬಿಡುತ್ತಾರೆ. ಬಿಸಿ ಅಗಸೆ ಎಣ್ಣೆ ಸುರಿದು ಮಾಡುವ ಹಳೆಯ ಕ್ರಮವೂ ಇದೆ. ವಾಲ್ನಟ್ ಮರದ ಎಳೆ ಆ ಭಾಗದಲ್ಲಿ ನೇರವಾಗಿದ್ದರೆ ಬಗ್ಗುತ್ತದೆ, ಅಡ್ಡಡ್ಡ ಇದ್ದರೆ ಸೀಳುವ ಭಯ. ಒಳಗೆ ಉದ್ದ ಬೋಲ್ಟ್ ಹಾಯ್ದಿರುವ ಸ್ಟಾಕನ್ನು ಹೆಚ್ಚು ಬಗ್ಗಿಸಲಾಗದು. ಪ್ಲಾಸ್ಟಿಕ್ ಸ್ಟಾಕಿನ ಅರೆ ಸ್ವಯಂಚಾಲಿತ ಕೋವಿಗಳಿಗೆ ಈ ಗೋಜಿಲ್ಲ, ಸ್ಟಾಕ್ ಸೇರುವ ಜಾಗದಲ್ಲಿ ಶಿಮ್ ಎಂಬ ತೆಳು ತುಂಡು ಬದಲಿಸಿದರೆ ಸಾಕು. ಬಗ್ಗಿಸಿದ ಮರ ಸ್ವಲ್ಪ ಹಿಂದಕ್ಕೆ ಮರಳುವುದುಂಟು. ಆದ್ದರಿಂದ ತುಸು ಹೆಚ್ಚೇ ಬಗ್ಗಿಸಿ, ಕೆಲವು ವಾರ ಬಿಟ್ಟು ಮತ್ತೆ ಅಳೆದರು.

ಕೊನೆಯದು ಪಿಚ್, ಅಂದರೆ ಸ್ಟಾಕಿನ ಹಿಂಬದಿ ನಳಿಗೆಯ ಸಾಲಿಗೆ ಇರುವ ಕೋನ. ಕೆಳತುದಿ ನನ್ನ ಎದೆಗೆ ಚುಚ್ಚುತ್ತಿತ್ತು. ಪ್ಯಾಡಿನಡಿ ಬೆಣೆಯಂತೆ ತೆಳು ತುಂಡು ಕೊಟ್ಟು ಇಡೀ ಹಿಂಬದಿ ಭುಜಕ್ಕೆ ಸಮವಾಗಿ ಆನುವಂತೆ ಮಾಡಿದರು. ಒಡೆದ ಬಿಲ್ಲೆಗಳ ಲೆಕ್ಕಕ್ಕಿಂತ ಮೊದಲು ನನಗೆ ಗೊತ್ತಾದ ಬದಲಾವಣೆ ಇದೇ: ಅದೇ ತೋಟಾ, ಅದೇ ಕೋವಿ, ದಿನವಿಡೀ ಹೊಡೆದರೂ ಕೆನ್ನೆಯಲ್ಲಿ ನೋವಿಲ್ಲ. ಬಲಕ್ಕೆ ಹೋಗುವ ಬಿಲ್ಲೆಗಳು ಬರಬರುತ್ತಾ ಒಡೆಯತೊಡಗಿದವು. ಎಳೆಯುವ ಹಳೆಯ ಅಭ್ಯಾಸ ಕೈಯಿಂದ ಬಿಡಬೇಕಿತ್ತಲ್ಲ.

ಅಂಕಿಗಳನ್ನೆಲ್ಲ ಬರೆದ ಚೀಟಿ ನನ್ನ ಬಳಿ ಇದೆ. ಗೆಳೆಯರು ಕೇಳಿದರೆ ತೋರಿಸುತ್ತೇನೆ, ಆದರೆ ಅದರಲ್ಲಿ ಅವರಿಗೆ ಬೇಕಾದ್ದು ಏನೂ ಇಲ್ಲ. ನನಗೇ ಆದರೂ ಚಳಿಗಾಲದ ದಪ್ಪ ಅಂಗಿ ತೊಟ್ಟರೆ ಉದ್ದ ಕಾಲು ಇಂಚು ಹೆಚ್ಚಾದಂತಾಗುತ್ತದೆ, ಆಗ ಆ ತುಂಡಿನ ಬದಲು ತೆಳುವಾದದ್ದನ್ನು ಹಾಕಿಕೊಳ್ಳುತ್ತೇನೆ. ಬಿಲ್ಲೆ ಏರುತ್ತಾ ದೂರ ಹೋಗುವ ಟ್ರ್ಯಾಪ್ ಎಂಬ ಆಟಕ್ಕೆ ಏಟು ತುಸು ಮೇಲೆ ಬೀಳುವ ಎತ್ತರದ ಕೋಂಬ್ ಬೇಕಾಗುತ್ತದೆ. ನಳಿಗೆಯ ಮೇಲಿನ ಪಟ್ಟಿ ಎತ್ತರವಿರುವ ಬೇರೆ ಕೋವಿ ಕೊಂಡರೆ ಈ ಚೀಟಿಯಿಂದ ಶುರುಮಾಡಬಹುದು ಅಷ್ಟೆ. ಸುಣ್ಣದ ತಟ್ಟೆಯ ಮುಂದೆ ಮತ್ತೆ ನಿಲ್ಲಲೇಬೇಕು.